ಎರರ್ ಹೇಳಿದ್ದು ಯಾರು?

ಕಚೇರಿಯ ಲೆಕ್ಕಪತ್ರವೆಲ್ಲ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ. ಹೊಸ ವೆಬ್‌ಸೈಟೋ, ವರದಿ ತೆಗೆಯುವ ಪೈಥಾನ್ ಪ್ರೋಗ್ರಾಮೋ ಉಬುಂಟು ಯಂತ್ರದಲ್ಲಿ. ಇಂಥ ಜೋಡಿ ಇವತ್ತು ಎಲ್ಲ ಕಡೆ ಇದೆ. ಆದರೆ ಇವೆರಡನ್ನೂ ಮೊದಲ ಸಲ ಮಾತಿಗೆ ಕೂರಿಸುವುದು ಪೇಚಿನ ಕೆಲಸ. ಐದು ನಿಮಿಷದಲ್ಲಿ ಮುಗಿಸುತ್ತೇನೆಂದು ಕೂತವರು ಡ್ರೈವರ್ ಕಿತ್ತು, ಮತ್ತೆ ಹಾಕಿ, ಅಂತರಜಾಲದಲ್ಲಿ ಸಿಕ್ಕ ಸಲಹೆಗಳನ್ನೆಲ್ಲ ಒಂದರ ಮೇಲೊಂದು ಪ್ರಯೋಗಿಸಿ, ಕೊನೆಗೆ ಯಾವುದರಿಂದ ಸರಿಹೋಯಿತೆಂದೇ ತಿಳಿಯದೆ ಮಧ್ಯರಾತ್ರಿ ಏಳುತ್ತಾರೆ. ನನಗೆ ಈ ಕೆಲಸ ಬಹಳ ಪ್ರಿಯ. ತನಗೆ ಎಲ್ಲಿ ನೋವಾಗುತ್ತಿದೆ ಎಂದು ಇಷ್ಟು ನಿಷ್ಠೆಯಿಂದ ಹೇಳಿಕೊಳ್ಳುವ ವ್ಯವಸ್ಥೆ ಕಂಪ್ಯೂಟರ್ ಲೋಕದಲ್ಲಿ ಅಪರೂಪ. ನಾವು ಅದರ ಮಾತನ್ನು ಪೂರ್ತಿ ಓದುವುದಿಲ್ಲ, ಅಷ್ಟೇ.

1992ರಲ್ಲಿ ಬಂದ ಓಡಿಬಿಸಿ ಎಂಬ ಒಪ್ಪಂದದ ಮೇಲೆ ಈ ಸಂಪರ್ಕವೆಲ್ಲ ನಿಂತಿದೆ. ಪ್ರೋಗ್ರಾಮು ಡೇಟಾಬೇಸ್ ಜೊತೆ ನೇರ ಮಾತಾಡುವುದಿಲ್ಲ. ಅದು ಮೊದಲು ಡ್ರೈವರ್ ಮ್ಯಾನೇಜರನ್ನು ಕರೆಯುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದು ಯುನಿಕ್ಸ್‌ಓಡಿಬಿಸಿ. ಮ್ಯಾನೇಜರು ತಕ್ಕ ಡ್ರೈವರನ್ನು ಹುಡುಕಿ ತೆರೆಯುತ್ತದೆ. ಡ್ರೈವರು ನೆಟ್‌ವರ್ಕ್ ದಾಟಿ ಸರ್ವರ್ ಬಾಗಿಲು ತಟ್ಟುತ್ತದೆ. ಏನಾದರೂ ಕೆಟ್ಟರೆ ಹಿಂತಿರುಗಿ ಬರುವ ಎರರ್‌ನ ತಲೆಯಲ್ಲಿ ಚೌಕ ಕಂಸಗಳ ಸಾಲಿರುತ್ತದೆ. ವಿಳಾಸದಾರ ಸಿಗದೆ ವಾಪಸು ಬಂದ ಲಕೋಟೆಯ ಮೇಲೆ ದಾಟಿದ ಅಂಚೆ ಕಚೇರಿಗಳ ಮುದ್ರೆ ಇರುವ ಹಾಗೆ, ಮಾತು ಯಾರ ಯಾರ ಕೈ ದಾಟಿ ಬಂತೆಂಬುದು ಆ ಕಂಸಗಳಲ್ಲಿದೆ. ಕೊನೆಯ ಕಂಸದಲ್ಲಿರುವ ಹೆಸರು ದೂರು ಹೇಳಿದವರದು. ಜನ ಈ ಸಾಲನ್ನು ಬಿಟ್ಟು ಮುಂದಿನ ಇಂಗ್ಲಿಷ್ ವಾಕ್ಯವನ್ನಷ್ಟೇ ಹುಡುಕಾಟದ ಪೆಟ್ಟಿಗೆಗೆ ಹಾಕುತ್ತಾರೆ. ಅರ್ಧ ರಾತ್ರಿ ಹಾಳಾಗುವುದು ಅಲ್ಲೇ.

ಕೊನೆಯ ಕಂಸದಲ್ಲಿ 'ಡ್ರೈವರ್ ಮ್ಯಾನೇಜರ್' ಎಂದಿದ್ದರೆ ಮಾತು ಇನ್ನೂ ನಿಮ್ಮ ಯಂತ್ರದ ಹೊಸ್ತಿಲನ್ನೇ ದಾಟಿಲ್ಲ. ಫೈರ್‌ವಾಲ್ ನೋಡುವುದು, ಪಾಸ್‌ವರ್ಡ್ ಬದಲಿಸುವುದು, ಡೇಟಾಬೇಸ್ ನೋಡಿಕೊಳ್ಳುವವರಿಗೆ ಫೋನ್ ಮಾಡುವುದು ಎಲ್ಲ ವ್ಯರ್ಥ. ಇಲ್ಲಿ ಹೆಚ್ಚಾಗಿ ಬರುವ ದೂರುಗಳು ಎರಡು. ಒಂದು ಐಎಂ002: ನೀವು ಹೇಳಿದ ಡಿಎಸ್‌ಎನ್, ಅಂದರೆ ಸಂಪರ್ಕದ ವಿವರಕ್ಕಿಟ್ಟ ಹೆಸರು, ನನಗೆ ಸಿಗಲಿಲ್ಲ ಎಂಬುದು. ಇನ್ನೊಂದು 'ಕ್ಯಾಂಟ್ ಓಪನ್ ಲಿಬ್' ಎಂದು ಶುರುವಾಗಿ 'ಫೈಲ್ ನಾಟ್ ಫೌಂಡ್' ಎಂದು ಮುಗಿಯುವುದು. ಈ ಎರಡನೆಯದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಇದರಷ್ಟು ದಾರಿ ತಪ್ಪಿಸುವ ವಾಕ್ಯ ಇನ್ನೊಂದಿಲ್ಲ.

ಮೊದಲು ಆ ವಾಕ್ಯದ ಉದ್ಧರಣ ಚಿಹ್ನೆಯೊಳಗೆ ಏನಿದೆ ನೋಡಿ. 'ಓಡಿಬಿಸಿ ಡ್ರೈವರ್ 17 ಫಾರ್ ಎಸ್‌ಕ್ಯೂಎಲ್ ಸರ್ವರ್' ಎಂಬ ಹೆಸರೇ ಇದ್ದರೆ, ಆ ಹೆಸರಿನ ಡ್ರೈವರ್ ನೋಂದಣಿ ಮ್ಯಾನೇಜರಿಗೆ ಸಿಕ್ಕಿಲ್ಲ. ಸಿಗದಿದ್ದಾಗ ಅದು ಹೆಸರನ್ನೇ ಫೈಲ್ ಎಂದುಕೊಂಡು ತೆರೆಯಲು ಹೋಗುತ್ತದೆ. ಯಂತ್ರದಲ್ಲಿ 18ನೇ ಆವೃತ್ತಿ ಇದ್ದು ಪ್ರೋಗ್ರಾಮಿನಲ್ಲಿ 17 ಎಂದೇ ಉಳಿದಿರುವುದು ಇದರ ಮಾಮೂಲಿ ಕಾರಣ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಇದೇ ಫಲ. ಬದಲಿಗೆ ಅಲ್ಲಿ ಆಪ್ಟ್ ಡೈರೆಕ್ಟರಿಯಿಂದ ಶುರುವಾಗುವ ಪೂರ್ತಿ ದಾರಿ ಕಂಡರೆ, ನೋಂದಣಿ ಸಿಕ್ಕಿದೆ, ಫೈಲ್ ತೆರೆಯುವಾಗ ಮುಗ್ಗರಿಸಿದೆ ಎಂದರ್ಥ. ಹೋಗಿ ನೋಡಿದರೆ ಫೈಲ್ ಅಲ್ಲೇ ಕೂತಿರುತ್ತದೆ! ಇಲ್ಲಿ ಕಂಗಾಲಾಗಬೇಡಿ. ಯುನಿಕ್ಸ್‌ಓಡಿಬಿಸಿ ಬಳಸುವ ಲೈಬ್ರರಿ ತೆರೆಯುವ ಸಲಕರಣೆ, ಸೋತ ಕಾರಣ ಯಾವುದೇ ಇರಲಿ, 'ಫೈಲ್ ಸಿಗಲಿಲ್ಲ' ಎಂದೇ ವರದಿ ಮಾಡಿಬಿಡುತ್ತದೆ. ನಿಜವಾಗಿ ಕಾಣೆಯಾಗಿರುವುದು ಆ ಡ್ರೈವರ್ ನೆಚ್ಚಿಕೊಂಡಿರುವ ಇನ್ನೊಂದು ಲೈಬ್ರರಿ ಆಗಿರಬಹುದು. ಎಲ್‌ಡಿಡಿ ಕಮಾಂಡಿಗೆ ಆ ಫೈಲಿನ ದಾರಿ ಕೊಟ್ಟರೆ ಅವಲಂಬನೆಗಳ ಪಟ್ಟಿ ಬರುತ್ತದೆ. ಅದರಲ್ಲಿ 'ನಾಟ್ ಫೌಂಡ್' ಎಂಬ ಸಾಲೇ ನಿಮ್ಮ ಉತ್ತರ. ಉಬುಂಟುಗೆಂದು ಕಟ್ಟಿದ ಡ್ರೈವರನ್ನು ಆಲ್ಪೈನ್ ಕಂಟೇನರ್‌ಗೆ ನಕಲು ಮಾಡಿದರೂ ಇದೇ ದೂರು: ಅಲ್ಲಿ ಮೂಲ ಸಿ ಲೈಬ್ರರಿಯೇ ಬೇರೆ. ಫೈಲನ್ನು ಓದುವ ಅನುಮತಿ ಇಲ್ಲದಿದ್ದರೂ ಇದೇ ದೂರು.

ಇನ್ನು ನೋಂದಣಿ ಎಲ್ಲಿರುತ್ತದೆ? ಡ್ರೈವರುಗಳ ಪಟ್ಟಿ ಓಡಿಬಿಸಿಇನ್ಸ್ಟ್.ಐಎನ್‌ಐ ಫೈಲಿನಲ್ಲಿ, ಸಂಪರ್ಕಗಳ ವಿವರ ಓಡಿಬಿಸಿ.ಐಎನ್‌ಐ ಫೈಲಿನಲ್ಲಿ. ಇವು ಇಟಿಸಿ ಡೈರೆಕ್ಟರಿಯಲ್ಲಿವೆ ಎಂದು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆದರೆ ಸೋರ್ಸ್‌ನಿಂದ ಕಟ್ಟಿದ ಯುನಿಕ್ಸ್‌ಓಡಿಬಿಸಿ ಯುಎಸ್‌ಆರ್ ಲೋಕಲ್ ಒಳಗಿನ ಇಟಿಸಿಯನ್ನು ನೋಡುತ್ತದೆ. ಕೊಂಡಾ ಎಂಬ ಪ್ಯಾಕೇಜ್ ವ್ಯವಸ್ಥೆಯ ಜೊತೆ ಬಂದದ್ದು ತನ್ನದೇ ಡೈರೆಕ್ಟರಿಯನ್ನು ನೋಡುತ್ತದೆ. ಒಂದೇ ಯಂತ್ರದಲ್ಲಿ ಎರಡು ಮ್ಯಾನೇಜರ್ ಇದ್ದು, ನೀವು ಒಂದರ ಫೈಲನ್ನು ತಿದ್ದುತ್ತಿದ್ದರೆ ಪ್ರೋಗ್ರಾಮು ಇನ್ನೊಂದರದ್ದನ್ನು ಓದುತ್ತಿರಬಹುದು. ಓಡಿಬಿಸಿಇನ್ಸ್ಟ್ ಕಮಾಂಡಿಗೆ ಜೆ ಎಂಬ ಆಯ್ಕೆ ಕೊಟ್ಟು ಕೇಳಿ. ತಾನು ಓದುವ ಫೈಲುಗಳೆಲ್ಲ ಎಲ್ಲಿವೆ ಎಂದು ಅದೇ ಹೇಳುತ್ತದೆ. ಈ ಒಂದು ಸಾಲಿನ ಕಮಾಂಡ್ ಓಡಿಸದೆ ಯಾವ ಫೈಲನ್ನೂ ಮುಟ್ಟಬಾರದೆಂಬುದು ನನ್ನ ಹಟ. ಅದನ್ನು ನಿಮ್ಮ ಲಾಗಿನ್‌ನಲ್ಲಿ ಮಾತ್ರವಲ್ಲ, ವೆಬ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೋ ಅವನ ಹೆಸರಿನಲ್ಲೂ ಓಡಿಸಿ. ಟರ್ಮಿನಲ್‌ನಲ್ಲಿ ಚೆನ್ನಾಗಿ ನಡೆದದ್ದು ಕ್ರಾನ್‌ನಲ್ಲೋ ಸಿಸ್ಟಮ್‌ಡಿ ಸೇವೆಯಲ್ಲೋ ನಿಂತುಹೋಗುವುದಕ್ಕೆ ಮುಖ್ಯ ಕಾರಣ, ನಿಮ್ಮ ಹೋಮ್ ಡೈರೆಕ್ಟರಿಯ ಖಾಸಗಿ ಡಿಎಸ್‌ಎನ್ ಫೈಲೂ ನೀವು ಶೆಲ್‌ನಲ್ಲಿ ಇಟ್ಟ ಪರಿಸರ ಚರಗಳೂ ಅಲ್ಲಿಗೆ ತಲುಪದಿರುವುದು. ರೆಡ್ ಹ್ಯಾಟ್ ಕುಟುಂಬದ ಯಂತ್ರಗಳಲ್ಲಿ ಇದಕ್ಕೆ ಎಸ್‌ಇಲಿನಕ್ಸ್ ಎಂಬ ಭದ್ರತೆಯ ಕಾವಲು ಕೂಡ ಸೇರಿಕೊಳ್ಳುತ್ತದೆ. ವೆಬ್ ಸರ್ವರ್ ಡೇಟಾಬೇಸನ್ನು ಸಂಪರ್ಕಿಸಬಹುದೆಂಬ ಅನುಮತಿಯ ಸ್ವಿಚ್ ಅಲ್ಲಿ ಬೇರೆಯೇ ಇದೆ. ಅದೊಂದನ್ನು ಹಾಕಿದರೆ ಸಾಕು. ಎಸ್‌ಇಲಿನಕ್ಸನ್ನೇ ಆರಿಸುವುದು ಸರ್ವರ್ ಕಾಯುವವರಿಗೆ ತಕ್ಕ ಕೆಲಸವಲ್ಲ.

ಡ್ರೈವರ್ ತೆರೆದುಕೊಂಡ ಮೇಲೆ ಮಾತು ಬದಲಾಗುತ್ತದೆ. ಮೈಕ್ರೋಸಾಫ್ಟ್‌ನ ಡ್ರೈವರ್ ಬದಲು ಫ್ರೀಟಿಡಿಎಸ್ ಬಳಸುವವರಿಗೆ 'ಅಡಾಪ್ಟಿವ್ ಸರ್ವರ್ ಸಿಗುತ್ತಿಲ್ಲ' ಎಂಬ ಎರರ್ ಬಂದಾಗ ಗಾಬರಿಯಾಗುತ್ತದೆ: ನಮ್ಮಲ್ಲಿ ಅಂಥದ್ದೇನೂ ಇಲ್ಲವಲ್ಲ! ಅದರ ಹಿಂದೆ ಒಂದು ಚರಿತ್ರೆಯೇ ಇದೆ. ಎಸ್‌ಕ್ಯೂಎಲ್ ಸರ್ವರ್ ಹುಟ್ಟಿದ್ದು ಸೈಬೇಸ್ ಕಂಪನಿಯ ಡೇಟಾಬೇಸ್‌ನಿಂದ. ಎರಡು ಕಂಪನಿಗಳು 1990ರ ದಶಕದಲ್ಲಿ ಬೇರೆಯಾದವು, ಸೈಬೇಸ್ ತನ್ನದಕ್ಕೆ ಅಡಾಪ್ಟಿವ್ ಸರ್ವರ್ ಎಂದು ಹೆಸರಿಟ್ಟಿತು. ಟಿಡಿಎಸ್ ಎಂಬ ಸಂಭಾಷಣೆಯ ಕ್ರಮ ಮಾತ್ರ ಇಬ್ಬರಲ್ಲೂ ಉಳಿಯಿತು. ಎರಡಕ್ಕೂ ಸಲ್ಲುವ ಫ್ರೀಟಿಡಿಎಸ್ ಆ ಹಳೆಯ ಹೆಸರನ್ನೇ ಹೇಳುತ್ತದೆ. ಮೇಲಾಗಿ ಅದು ತನ್ನ ಸ್ವಂತ ದೂರಿಗೂ ಕೊನೆಯ ಕಂಸದಲ್ಲಿ 'ಎಸ್‌ಕ್ಯೂಎಲ್ ಸರ್ವರ್' ಎಂದೇ ಬರೆಯುತ್ತದೆ. ನಾನು ಮೇಲೆ ಹೇಳಿದ ಕಂಸದ ನಿಯಮಕ್ಕೆ ಇದು ದೊಡ್ಡ ಅಪವಾದ. ಫ್ರೀಟಿಡಿಎಸ್ ಬಳಸುವುದಾದರೆ ಟಿಡಿಎಸ್ ಆವೃತ್ತಿಯನ್ನು ಕಾನ್ಫಿಗರೇಶನ್‌ನಲ್ಲಿ ನಮೂದಿಸಿ: 2012 ಮತ್ತು ನಂತರದ ಎಸ್‌ಕ್ಯೂಎಲ್ ಸರ್ವರ್‌ಗೆ 7.4. ಹಾಗೆಯೇ 'ಸರ್ವರ್' ಎಂಬ ಕೀಲಿಗೆ ಯಂತ್ರದ ವಿಳಾಸ, 'ಸರ್ವರ್‌ನೇಮ್' ಎಂಬ ಕೀಲಿಗೆ ಫ್ರೀಟಿಡಿಎಸ್‌ನ ಸ್ವಂತ ಫೈಲಿನಲ್ಲಿ ಬರೆದ ಹೆಸರು. ಇವೆರಡನ್ನು ಅದಲುಬದಲು ಮಾಡಿದರೆ ಕೆಲಸ ಕೆಟ್ಟಿತು.

ಎಚ್‌ವೈಟಿ00 ಎಂದು ಲಾಗಿನ್ ಕಾದು ಕಾದು ಕೈಬಿಟ್ಟರೆ ಅದು ದಾರಿಯ ಸಮಸ್ಯೆ. ಎನ್‌ಸಿ ಕಮಾಂಡ್‌ನಿಂದ 1433ನೇ ಪೋರ್ಟ್ ತೆರೆದಿದೆಯೇ ನೋಡಿದರೆ ಮುಗಿಯಿತು. ಇನ್‌ಸ್ಟೆನ್ಸ್ ಹೆಸರಿನಿಂದ ಕರೆಯುವವರು ನೆನಪಿಡಬೇಕು: ಆ ಹೆಸರಿನ ಪೋರ್ಟ್ ಯಾವುದೆಂದು ಕೇಳುವ ಪ್ರಶ್ನೆ ಯುಡಿಪಿ 1434ರಲ್ಲಿ ಹೋಗುತ್ತದೆ, ಫೈರ್‌ವಾಲ್ ಕಾಯುವವರು ಇದನ್ನು ಮರೆತೇಬಿಡುತ್ತಾರೆ. ಸ್ಥಿರ ಪೋರ್ಟ್ ಒಂದನ್ನು ಗೊತ್ತು ಮಾಡಿಸಿಕೊಂಡು ಅದನ್ನೇ ಬರೆಯುವುದು ನೆಮ್ಮದಿ.

2022ರ ಫೆಬ್ರುವರಿಯಲ್ಲಿ ಬಂದ 18ನೇ ಆವೃತ್ತಿಯ ಡ್ರೈವರ್, ಕೇಳದಿದ್ದರೂ ಸಂಪರ್ಕವನ್ನು ಎನ್‌ಕ್ರಿಪ್ಟ್ ಮಾಡಿ ಸರ್ವರ್‌ನ ಸರ್ಟಿಫಿಕೇಟನ್ನು ಪರಿಶೀಲಿಸುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕಚೇರಿಗಳಲ್ಲಿ 'ಸರ್ಟಿಫಿಕೇಟ್ ವೆರಿಫೈ ಫೇಲ್ಡ್' ಕೂಗು ಎದ್ದದ್ದು ಆಗಲೇ. ಎಲ್ಲರೂ ಹೇಳಿಕೊಡುವ ಪರಿಹಾರ, ಸಂಪರ್ಕದ ಸಾಲಿಗೆ 'ಟ್ರಸ್ಟ್‌ಸರ್ವರ್‌ಸರ್ಟಿಫಿಕೇಟ್=ಯೆಸ್' ಸೇರಿಸುವುದು. ದೋಷ ಎಲ್ಲಿದೆ ಎಂದು ತಿಳಿಯಲು ಒಂದು ಗಳಿಗೆ ಹಾಕಿ ನೋಡಿ, ತಕರಾರಿಲ್ಲ. ಹಾಗೆಯೇ ಬಿಟ್ಟರೆ ಮಾತು ಗುಟ್ಟಾಗಿ ಹೋಗುತ್ತದೆ, ಆದರೆ ಯಾರ ಕಿವಿಗೆ ಹೋಗುತ್ತಿದೆ ಎಂದು ಯಾರೂ ನೋಡುತ್ತಿರುವುದಿಲ್ಲ. ಜನರ ಸಂಬಳ, ಆಧಾರ್ ಸಂಖ್ಯೆ, ರೋಗದ ವಿವರ ಓಡಾಡುವ ದಾರಿಯಲ್ಲಿ ಇದನ್ನು ನಾನು ಒಪ್ಪುವುದಿಲ್ಲ. ಸರ್ಟಿಫಿಕೇಟ್ ಕೊಟ್ಟ ಪ್ರಾಧಿಕಾರದ ಫೈಲನ್ನು ಲಿನಕ್ಸ್ ಯಂತ್ರದ ನಂಬಿಕೆಯ ಪಟ್ಟಿಗೆ ಸೇರಿಸಿ, ಐಪಿ ವಿಳಾಸದ ಬದಲು ಸರ್ಟಿಫಿಕೇಟಿನಲ್ಲಿರುವ ಹೆಸರಿನಿಂದಲೇ ಸರ್ವರನ್ನು ಕರೆಯಿರಿ. ಉಬುಂಟು 22.04 ಅಥವಾ ಅದಕ್ಕಿಂತ ಹೊಸ ಯಂತ್ರದಿಂದ ಹಳೆಯ ಸರ್ವರ್‌ಗೆ ಹೋದಾಗ 'ಅನ್‌ಸಪೋರ್ಟೆಡ್ ಪ್ರೋಟೋಕಾಲ್' ಎಂದು ಬಂದರೆ, ಆ ಕಡೆಯವರಿಗೆ ಟಿಎಲ್‌ಎಸ್ 1.2 ತಿಳಿದಿಲ್ಲ ಎಂದರ್ಥ. ತಿದ್ದಬೇಕಾದ್ದು ಅವರು, ನಿಮ್ಮ ಯಂತ್ರದ ಭದ್ರತೆಯನ್ನು ಇಳಿಸಬೇಡಿ.

28000 ಬಂದರೆ ಸಂತೋಷಪಡಿ. ಲಾಗಿನ್ ತಿರಸ್ಕಾರವಾಗಿದೆ ಎಂಬ ಈ ಸಂಖ್ಯೆ ಕಂಡು ಜನ ಕುಗ್ಗುತ್ತಾರೆ, ಆದರೆ ಮ್ಯಾನೇಜರ್, ಡ್ರೈವರ್, ನೆಟ್‌ವರ್ಕ್, ಎನ್‌ಕ್ರಿಪ್ಶನ್ ಎಲ್ಲ ದಾಟಿ ಸರ್ವರೇ ನಿಮ್ಮೊಡನೆ ಮಾತಾಡಿದೆ. ಉಳಿದಿರುವುದು ಹೆಸರು, ಪಾಸ್‌ವರ್ಡ್, ಅಧಿಕಾರ.

ಇಷ್ಟೆಲ್ಲ ಆಗಿ ಸಂಪರ್ಕ ಕೂಡಿದ ಮೇಲೂ ಕನ್ನಡಿಗರ ಪಾಲಿಗೆ ಒಂದು ದೋಷ ಉಳಿದಿರುತ್ತದೆ. ಅದು ಯಾವ ಎರರನ್ನೂ ಹೇಳುವುದಿಲ್ಲ. ಕನ್ನಡದ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಕಾಣುತ್ತದೆ. ಕನ್ನಡಕ್ಕೆ ಎಸ್‌ಕ್ಯೂಎಲ್ ಸರ್ವರ್‌ನ ಹಳೆಯ ಕೋಡ್‌ಪೇಜ್‌ಗಳಲ್ಲಿ ಜಾಗವಿಲ್ಲ. ಕಾಲಮ್ ಎನ್‌ವಾರ್‌ಚಾರ್ ಆಗಿರಬೇಕು, ಇಲ್ಲವೇ 2019ರ ಆವೃತ್ತಿಯಿಂದ ಬಂದ ಯುಟಿಎಫ್-8 ಕೊಲೇಶನ್ ಇರಬೇಕು. ಪಠ್ಯವನ್ನು ನೇರ ಎಸ್‌ಕ್ಯೂಎಲ್ ಸಾಲಿನಲ್ಲಿ ಬರೆಯುವುದಾದರೆ ಉದ್ಧರಣ ಚಿಹ್ನೆಯ ಮುಂದೆ ಎನ್ ಅಕ್ಷರ ಹಾಕಿ. ಪೈಥಾನಿನ ಪೈಓಡಿಬಿಸಿಯಲ್ಲಿ ಪ್ಯಾರಾಮೀಟರ್ ಆಗಿ ಕಳಿಸಿದರೆ ಆ ಚಿಂತೆ ಇಲ್ಲ. ಫ್ರೀಟಿಡಿಎಸ್ ಬಳಸುವವರು ಕ್ಲೈಂಟ್ ಚಾರ್‌ಸೆಟ್ ಯುಟಿಎಫ್-8 ಎಂದು ಸ್ಪಷ್ಟವಾಗಿ ಬರೆಯಬೇಕು. ತಪ್ಪಿದ್ದು ಬರೆಯುವಾಗಲೋ ಓದುವಾಗಲೋ ಎಂದು ತಿಳಿಯಲು ಎನ್‌ವಾರ್‌ಚಾರ್ ಕಾಲಮನ್ನು ವಾರ್‌ಬೈನರಿಗೆ ಬದಲಿಸಿ ಬೈಟ್‌ಗಳನ್ನೇ ನೋಡಿ. 'ಕ' ಇರಬೇಕಾದಲ್ಲಿ 950ಸಿ ಕಂಡರೆ ಅಕ್ಷರ ಡೇಟಾಬೇಸ್‌ನಲ್ಲಿ ಕ್ಷೇಮವಾಗಿದೆ, ಓದುವ ಕಡೆಯ ಚಾರ್‌ಸೆಟ್ ಸರಿಪಡಿಸಿದರೆ ಸಾಕು. 3ಎಫ್00 ಕಂಡರೆ ಒಳಗೆ ಹೋಗಿರುವುದೇ ಪ್ರಶ್ನಾರ್ಥಕ ಚಿಹ್ನೆ. ಆ ಹೆಸರುಗಳನ್ನು ಮೂಲ ಅರ್ಜಿಗಳಿಂದ ಮತ್ತೆ ತುಂಬಬೇಕು.