ಹಿಮದೊಡೆಯನ ಕಥೆಗೆ ಕೊನೆಯ ಪುಸ್ತಕ

ಜನಪದ ಕಥೆಗಳನ್ನು ಹೊಸದಾಗಿ ಹೇಳುವ ಪ್ರಣಯ ಫ್ಯಾಂಟಸಿ ಸರಣಿಗಳಲ್ಲಿ ಮೊದಲ ಪುಸ್ತಕ ಗೆಲ್ಲುವುದು ಸುಲಭ. ಮೂಲಕಥೆಯೇ ಕೈಹಿಡಿದು ನಡೆಸುತ್ತದೆ. ಮುಗ್ಗರಿಸುವುದು ಕೊನೆಯ ಪುಸ್ತಕ. ಅಷ್ಟು ಹೊತ್ತಿಗೆ ಮೂಲಕಥೆಯ ಸರಕೆಲ್ಲ ಖರ್ಚಾಗಿ, ಲೇಖಕರ ಕೈಯಲ್ಲಿ ಒಂದು ಯುದ್ಧ, ಒಂದು ಮದುವೆ ಮಾತ್ರ ಉಳಿದಿರುತ್ತವೆ. ಅಮೆರಿಕದ ಕ್ಯಾಥರೀನ್ ಆರ್ಡನ್ ಅವರ ‘ದಿ ವಿಂಟರ್ ಆಫ್ ದಿ ವಿಚ್’ (2019) ಮುಗ್ಗರಿಸದ ಕೆಲವೇ ಪುಸ್ತಕಗಳಲ್ಲಿ ಒಂದು. ಇದಕ್ಕಿಂತ ಮೊದಲಿನ ‘ದಿ ಬೇರ್ ಆ್ಯಂಡ್ ದಿ ನೈಟಿಂಗೇಲ್’, ‘ದಿ ಗರ್ಲ್ ಇನ್ ದಿ ಟವರ್’ ಎರಡೂ 2017ರಲ್ಲಿ ಬಂದವು.

ಸರಣಿಯ ಬೇರು ರಷ್ಯಾದ ‘ಮೊರೊಜ್ಕೊ’ ಕಥೆಯಲ್ಲಿದೆ. ಮಲತಾಯಿ ಗಂಡನ ಮಗಳನ್ನು ನಡುಚಳಿಗಾಲದಲ್ಲಿ ಕಾಡುಪಾಲು ಮಾಡಿಸುತ್ತಾಳೆ. ಹಿಮದೊಡೆಯ ಮೊರೊಜ್ಕೊ ಬಂದು ‘ಬೆಚ್ಚಗಿದ್ದೀಯಾ ಮಗು?’ ಎನ್ನುತ್ತಾನೆ. ಹಲ್ಲು ಕಟಕಟಿಸುತ್ತಿದ್ದರೂ ಹುಡುಗಿ ‘ಬೆಚ್ಚಗಿದ್ದೇನೆ’ ಎನ್ನುತ್ತಾಳೆ. ಅವಳ ವಿನಯಕ್ಕೆ ಮೆಚ್ಚಿ ಅವನು ತುಪ್ಪಳದ ಕೋಟು, ಸಂಪತ್ತು ಕೊಟ್ಟು ಕಳಿಸುತ್ತಾನೆ. ಆಸೆಗೆ ಬಿದ್ದ ಮಲತಾಯಿ ಸ್ವಂತ ಮಗಳನ್ನು ಕಳಿಸಿದರೆ, ಒರಟಾಗಿ ಉತ್ತರಿಸಿದ ಆಕೆ ಹೆಣವಾಗಿ ಮರಳುತ್ತಾಳೆ. ಅಫನಾಸ್ಯೇವ್ 19ನೇ ಶತಮಾನದಲ್ಲಿ ಸಂಗ್ರಹಿಸಿದ ಕಥೆಗಳಲ್ಲಿ ಇದೂ ಇದೆ. ಸೋವಿಯತ್ ಕಾಲದಲ್ಲಿ ಕನ್ನಡಕ್ಕೆ ಬಂದ ಅಗ್ಗದ, ಅಂದದ ಮಕ್ಕಳ ಪುಸ್ತಕಗಳನ್ನು ಓದಿ ಬೆಳೆದವರಿಗೆ ಈ ಲೋಕ ಹೊಸದೇನಲ್ಲ.

ಆರ್ಡನ್ ಅವರ ವಾಸಿಲಿಸಾ, ಅಂದರೆ ವಾಸ್ಯಾ, ಇಂಥ ವಿನಯವಂತೆ ಅಲ್ಲ. ಮನೆಯೊಲೆಯ ಹಿಂದಿರುವ, ಕುದುರೆಲಾಯ ಕಾಯುವ, ಕೆರೆಯಲ್ಲಿ ಅಡಗಿರುವ ಹಳೆಯ ಶಕ್ತಿಗಳು ಅವಳ ಕಣ್ಣಿಗೆ ಕಾಣುತ್ತವೆ. ಚರ್ಚಿನ ಪಾಲಿಗೆ ಅವು ದೆವ್ವಗಳು, ಅವಳು ಮಾಟಗಾತಿ. ಕೊನೆಯ ಪುಸ್ತಕ ತೆರೆಯುವಾಗ ಮಾಸ್ಕೋ ಅರ್ಧ ಸುಟ್ಟು ನಿಂತಿದೆ. ಪಾದ್ರಿ ಕಾನ್‌ಸ್ಟಂಟಿನ್ ಕೆರಳಿಸಿದ ಜನ ಬಾಗಿಲಿಗೆ ನುಗ್ಗುತ್ತಾರೆ. ಅವಳ ಜೀವದಂತಿದ್ದ ಕುದುರೆ ಸೊಲೊವೇಯನ್ನು ಕೊಲ್ಲುತ್ತಾರೆ, ಅವಳನ್ನು ಚಿತೆಗೆ ಎಳೆಯುತ್ತಾರೆ. ಅವಳ ಪ್ರಾಣ ಉಳಿಸಲು ಮೊರೊಜ್ಕೊ ತನ್ನ ಸ್ವಾತಂತ್ರ್ಯವನ್ನೇ ಅಣ್ಣತಮ್ಮಂದಿರ ಹಗೆಗೆ ಒತ್ತೆಯಿಡುತ್ತಾನೆ; ಸೆರೆಯಲ್ಲಿದ್ದ ಅವನ ಸಹೋದರ ‘ಕರಡಿ’, ಮೆದ್ವೇದ್, ಬಿಡುಗಡೆಯಾಗುತ್ತಾನೆ.

ಪ್ರಣಯದ ಎಳೆಯನ್ನು ಆರ್ಡನ್ ನಿಭಾಯಿಸಿದ ರೀತಿಗೆ ಶಹಬ್ಬಾಸ್ ಎನ್ನಬೇಕು. ನಡುರಾತ್ರಿಯ ಲೋಕ ದಾಟಿ ವಾಸ್ಯಾ ಮೊರೊಜ್ಕೊನನ್ನು ಹುಡುಕಿದರೆ, ಅವನಿಗೆ ಅವಳ ನೆನಪೇ ಅಳಿದುಹೋಗಿದೆ. ಪ್ರಸಿದ್ಧವಾದ ಸ್ನಾನದಮನೆಯ ಪ್ರಸಂಗ ಬರುವುದು ಇಲ್ಲಿಯೇ. ಸಾವಿಲ್ಲದವನು ತಡವರಿಸುತ್ತಾನೆ, ಸಾವುಳ್ಳ ಹುಡುಗಿ ಮುಂದಡಿ ಇಡುತ್ತಾಳೆ. ಎರಡು ಪುಸ್ತಕಗಳುದ್ದಕ್ಕೂ ಅವನ ಕೈಯಲ್ಲಿದ್ದ ಅಧಿಕಾರ ಒಂದೇ ರಾತ್ರಿಯಲ್ಲಿ ಅವಳ ಕೈಗೆ ದಾಟುತ್ತದೆ. ಅದರಿಂದಲೇ ಆ ಪ್ರೀತಿ ನಂಬುವಂತಿದೆ.

ಆದರೆ ಪುಸ್ತಕವನ್ನು ಎತ್ತಿ ಹಿಡಿದಿರುವುದು ಪ್ರಣಯವಲ್ಲ, ಇತಿಹಾಸ. ಮೂಲಕಥೆ ಮುಗಿದ ಜಾಗದಲ್ಲಿ ಆರ್ಡನ್ 1380ರ ಸೆಪ್ಟೆಂಬರ್ 8ರ ಕುಲಿಕೊವೊ ಕದನವನ್ನು ತಂದಿಟ್ಟಿದ್ದಾರೆ. ಅಂದು ಡಾನ್ ನದಿಯ ಬಳಿ ಮಾಸ್ಕೋದ ದಿಮಿತ್ರಿ, ತಾತಾರರ ಮಾಮಾಯ್‌ನನ್ನು ಸೋಲಿಸಿದ. ಯುದ್ಧಕ್ಕೆ ಮುನ್ನ ಸನ್ಯಾಸಿ ಪೆರೆಸ್ವೇತ್ ಮತ್ತು ತಾತಾರ ಯೋಧ ಚೆಲುಬೇಯ್ ದ್ವಂದ್ವಕ್ಕಿಳಿದು ಇಬ್ಬರೂ ಮಡಿದರೆಂಬ ಐತಿಹ್ಯ ರಷ್ಯಾದಲ್ಲಿ ಮನೆಮಾತು. ಆ ಸನ್ಯಾಸಿಯೇ ಇಲ್ಲಿ ವಾಸ್ಯಾಳ ಅಣ್ಣ ಸಾಶಾ. ಇತಿಹಾಸ ಬಲ್ಲ ಓದುಗ ಅವನು ಪುಟಕ್ಕೆ ಬಂದಾಗಲೆಲ್ಲ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಹಳೆಯ ಶಕ್ತಿಗಳೂ ಶಿಲುಬೆ ಹೊತ್ತವರೂ ಅದೇ ಬಯಲಲ್ಲಿ ಒಂದೇ ಪಕ್ಷವಾಗಿ ನಿಲ್ಲಬೇಕು ಎಂಬುದು ವಾಸ್ಯಾಳ ಹಟ. ಸರಣಿ ಕೊನೆಗೆ ಮಾಡಿಸುವ ಮದುವೆ ಇದೇ: ಎರಡು ನಂಬಿಕೆಗಳದ್ದು. ಆ ಗೆಲುವು ಪೂರ್ಣವಲ್ಲ ಎಂಬುದೂ ಇತಿಹಾಸವೇ. 1382ರಲ್ಲಿ ತಾತಾರರ ಖಾನ್ ತೊಖ್ತಮಿಶ್ ಬಂದು ಮಾಸ್ಕೋವನ್ನು ಸುಟ್ಟ.

ದೋಷವಿಲ್ಲವೆಂದಲ್ಲ. ನಡುಭಾಗದಲ್ಲಿ ರಷ್ಯಾದ ಜನಪದ ಕಥೆಗಳ ಮಾಟಗಾತಿ ಬಾಬಾ ಯಾಗಾಳ ವಂಶಾವಳಿ, ಬೆಂಕಿಹಕ್ಕಿ, ಅಣಬೆಯ ಚೇತನ ಎಲ್ಲ ಒಟ್ಟಿಗೇ ನುಗ್ಗಿ ಉಸಿರುಗಟ್ಟಿಸುತ್ತವೆ. ಒಂದು ಪುಸ್ತಕಕ್ಕಾಗುವಷ್ಟು ಸರಕನ್ನು ಕೆಲವೇ ಅಧ್ಯಾಯಗಳಿಗೆ ತುರುಕಲಾಗಿದೆ. ಆದರೂ ಈಚಿನ ವರ್ಷಗಳಲ್ಲಿ ಈ ಜಾತಿಯ ಸರಣಿಗಳಲ್ಲಿ ನಾನು ಓದಿದ ಅತ್ಯುತ್ತಮ ಮುಕ್ತಾಯ ಇದೇ. ಮೂರನ್ನೂ ಕ್ರಮವಾಗಿಯೇ ಓದಿ. ನೇರ ಮೂರನೆಯದಕ್ಕೆ ಕೈಹಾಕಿದರೆ ಸೊಲೊವೇಯ ಸಾವು ಬರೀ ಒಂದು ಕುದುರೆಯ ಸಾವಾಗಿಬಿಡುತ್ತದೆ.