ಪೋಪನ ಕಾರ್ಯದರ್ಶಿ ಬರೆದ ನಮ್ಮ ಜಾತ್ರೆ

ಹಂಪಿಯ ವೈಭವವನ್ನು ಕಣ್ಣಾರೆ ಕಂಡ ಪರದೇಶಿಗಳು ಯಾರು ಎಂದು ಕೇಳಿದರೆ ನಮ್ಮ ಕಡೆ ಹೈಸ್ಕೂಲ್ ಹುಡುಗರೂ ನಾಲ್ಕು ಹೆಸರು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ನಿಕೊಲೊ ಕೊಂಟಿ, ಅಬ್ದುಲ್ ರಜಾಕ್, ಪಾಯಸ್, ನ್ಯೂನಿಜ್. ಪಾಯಸನ ಬರಹ ದೊಡ್ಡದು, ವಿವರ ಹೇರಳ. ಕೊಂಟಿಯದು ಕೆಲವೇ ಪುಟ. ಆದರೂ ಹಳೆಯ ಪ್ರವಾಸಕಥನಗಳ ಓದಿನಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವುದು ಆ ಕೆಲವೇ ಪುಟ. ಅವುಗಳಲ್ಲಿ ವಿಜಯನಗರದ ಜೊತೆಗೆ ಮಧ್ಯಯುಗದ ಯುರೋಪೂ ಕಾಣುತ್ತದೆ. ಅದರ ಭಯ, ಅದರ ಪಾಪಪ್ರಜ್ಞೆ, ಅದರ ಓದಿನ ಹಸಿವು. ಇನ್ನೂ ಒಂದು ಕಾರಣ ಉಂಟು. ಅಲ್ಲಿನ ಕೆಲವು ಸಾಲುಗಳನ್ನು ಫ್ಲಾರೆನ್ಸಿನ ಪಂಡಿತರಿಗಿಂತ ಹಂಪಸಾಗರ, ಹಡಗಲಿ, ಕೊಟ್ಟೂರಿನ ಜನ ಚೆನ್ನಾಗಿ ಓದಬಲ್ಲರು.

ಕೊಂಟಿ ವೆನಿಸ್ ಸೀಮೆಯ ಕಿಯೊಜ್ಜಾ ಊರಿನವನು, ವ್ಯಾಪಾರಿ. ಹರೆಯದಲ್ಲೇ ದಮಾಸ್ಕಸ್ ಸೇರಿ ಅರಬ್ಬಿ ಕಲಿತ. ವರ್ತಕರ ತಂಡದ ಜೊತೆ ಮರಳುಗಾಡು ದಾಟಿ ಬಾಗ್ದಾದ್, ಹೊರ್ಮುಜ್ ಮಾರ್ಗವಾಗಿ ಗುಜರಾತಿನ ಖಂಬಾತಕ್ಕೆ ಬಂದ. ಅಲ್ಲಿಂದ ಕರಾವಳಿಗುಂಟ ಇಳಿದು, ಒಳನಾಡಿಗೆ ಮುನ್ನೂರು ಮೈಲಿ ನಡೆದು ವಿಜಯನಗರ ಮುಟ್ಟಿದ. ಅದು 1420ರ ಸುಮಾರು, ಒಂದನೆಯ ದೇವರಾಯನ ಕೊನೆಯ ವರ್ಷಗಳು. ಬಳಿಕ ಸುಮಾತ್ರಾ, ಬರ್ಮಾ, ಜಾವಾ ತನಕ ಹೋಗಿ ಬಂದ. ತಿರುಗಾಟ ಇಪ್ಪತ್ತೈದು ವರ್ಷದಷ್ಟು. ಈ ನಡುವೆ ಮದುವೆಯಾದ, ಮಕ್ಕಳಾದವು. ಊರಿಗೆ ಮರಳುವ ದಾರಿಯಲ್ಲಿ, ಕೆಂಪು ಸಮುದ್ರದ ಕಡೆ, ಪ್ರಾಣಭಯ ಎದುರಾಯಿತು. ತನ್ನ ಜೀವಕ್ಕಿಂತ ಹೆಚ್ಚಾಗಿ ಹೆಂಡತಿ ಮಕ್ಕಳ ಜೀವಕ್ಕೆ ಅಂಜಿ ಕ್ರೈಸ್ತ ಧರ್ಮವನ್ನು ಬಿಟ್ಟೆನೆಂದ. ಇಷ್ಟೆಲ್ಲ ಮಾಡಿದರೂ ಈಜಿಪ್ಟಿನಲ್ಲಿ ಪ್ಲೇಗು ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದಿತು.

ಉಳಿದ ಮಕ್ಕಳೊಂದಿಗೆ ಇಟಲಿ ತಲುಪಿದವನು ಮೊದಲು ಹುಡುಕಿದ್ದು ಕ್ಷಮೆಯನ್ನು. ಮಧ್ಯಯುಗದ ಕ್ರೈಸ್ತನಿಗೆ ಧರ್ಮ ಬಿಟ್ಟ ಪಾಪ ಸಣ್ಣದಲ್ಲ. ಅದನ್ನು ಪರಿಹರಿಸುವ ಅಧಿಕಾರ ಚರ್ಚಿನ ಕೈಯಲ್ಲಿತ್ತು. ಪೋಪ್ ನಾಲ್ಕನೆಯ ಯೂಜೀನಿಯಸ್ ಆಗ ಫ್ಲಾರೆನ್ಸಿನಲ್ಲಿದ್ದ. 1439ರಲ್ಲಿ ಅಲ್ಲೊಂದು ಮಹಾಸಭೆ ನಡೆದಿತ್ತು. ಶತಮಾನಗಳಿಂದ ಬೇರೆಯಾಗಿದ್ದ ರೋಮಿನ ಚರ್ಚು ಮತ್ತು ಗ್ರೀಕರ ಚರ್ಚುಗಳನ್ನು ಒಂದುಗೂಡಿಸಲು ಕಾನ್‌ಸ್ಟಾಂಟಿನೋಪಲಿನಿಂದ ಸಾಮ್ರಾಟ ಎಂಟನೆಯ ಜಾನ್ ಸ್ವತಃ ಬಂದಿದ್ದ. ಜುಲೈ 6ರಂದು ಒಪ್ಪಂದವೂ ಆಯಿತು, ಬಾಳಲಿಲ್ಲ. 1453ರಲ್ಲಿ ಕಾನ್‌ಸ್ಟಾಂಟಿನೋಪಲೇ ತುರ್ಕರ ಕೈಸೇರಿತು. ಅಂಥ ಗದ್ದಲದ ಊರಿಗೆ ಕೊಂಟಿ ಬಂದು ಪೋಪನ ಮುಂದೆ ತಪ್ಪೊಪ್ಪಿಕೊಂಡ. ನೂರು ವರ್ಷದ ನಂತರ ಬಂದ ಸಂಪಾದಕ ರಾಮುಸಿಯೊ ಹೇಳುವ ಪ್ರಕಾರ ಪೋಪ್ ವಿಧಿಸಿದ ಪ್ರಾಯಶ್ಚಿತ್ತ ಒಂದೇ: ಕಂಡದ್ದನ್ನೆಲ್ಲ ಸತ್ಯವಾಗಿ ನನ್ನ ಕಾರ್ಯದರ್ಶಿಗೆ ಹೇಳು. ಪ್ರಾಯಶ್ಚಿತ್ತದ ಮಾತು ನಿಜವೋ ಕಥೆಯೋ, ಕೊಂಟಿ ಹೇಳಿದ್ದೂ ಕಾರ್ಯದರ್ಶಿ ಬರೆದುಕೊಂಡದ್ದೂ ನಿಜ.

ಆ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲೀನಿ. ಈ ಮನುಷ್ಯನ ಪರಿಚಯವಿಲ್ಲದೆ ಕೊಂಟಿಯನ್ನು ಓದಿದರೆ ಅರ್ಧ ಓದಿದಂತೆ. 1380ರಲ್ಲಿ ಹುಟ್ಟಿದ ಪೊಜ್ಜೊ ಒಬ್ಬರ ನಂತರ ಒಬ್ಬರಂತೆ ಹಲವು ಪೋಪರ ಕೈಕೆಳಗೆ ದುಡಿದವನು. ಅವನ ಅಕ್ಷರ ಎಷ್ಟು ಸ್ಫುಟವಾಗಿತ್ತೆಂದರೆ, ಅವನೂ ಅವನ ಗೆಳೆಯರೂ ರೂಢಿಸಿದ ಬರವಣಿಗೆಯೇ ಮುಂದೆ ಅಚ್ಚಿನ ರೋಮನ್ ಅಕ್ಷರಗಳಿಗೆ ಮಾದರಿಯಾಯಿತು. 1414ರಿಂದ 1418ರ ತನಕ ಕಾನ್‌ಸ್ಟಾನ್ಸ್ ಊರಿನಲ್ಲಿ ಇನ್ನೊಂದು ಮಹಾಸಭೆ ಕೂತಿತ್ತು. ಏಕಕಾಲಕ್ಕೆ ಮೂವರು ನಾನೇ ಪೋಪ್ ಎನ್ನುತ್ತಿದ್ದ ಕಾಲ ಅದು. ಸಭೆಯ ಬಿಡುವಿನಲ್ಲಿ ಪೊಜ್ಜೊ ಸುತ್ತಲಿನ ಮಠಗಳಿಗೆ ಹೋಗಿ ಧೂಳು ಹಿಡಿದ ಹಸ್ತಪ್ರತಿಗಳನ್ನು ಕೆದಕಿದ. 1416ರಲ್ಲಿ ಸೇಂಟ್ ಗಾಲ್ ಮಠದಲ್ಲಿ ಕ್ವಿಂಟಿಲಿಯನ್ನನ ಪೂರ್ಣ ಪ್ರತಿ ಸಿಕ್ಕಿತು. ಮರುವರ್ಷ ಲುಕ್ರೀಶಿಯಸ್ ಕವಿಯ ಕಾವ್ಯ ಸಿಕ್ಕಿತು, ಜಗತ್ತು ಅಣುಗಳಿಂದಾದದ್ದು ಎಂದು ಹಾಡುವ ಕಾವ್ಯ. ಮೈಸೂರಿನಲ್ಲಿ ಶಾಮಾಶಾಸ್ತ್ರಿಗಳ ಕೈಗೆ ಕೌಟಿಲ್ಯನ ಅರ್ಥಶಾಸ್ತ್ರ ಬಂದಾಗ ನಮಗಾದ ಲಾಭವನ್ನು ನೆನೆದರೆ ಪೊಜ್ಜೊ ಮಾಡಿದ್ದು ಎಂಥ ಕೆಲಸವೆಂದು ತಿಳಿದೀತು.

ಇಂಥವನು ಕೊಂಟಿಯನ್ನು ಪಂಡಿತರ ಕೂಟದಲ್ಲೂ ತನ್ನ ಮನೆಯಲ್ಲೂ ಕೂರಿಸಿಕೊಂಡು ಮತ್ತೆ ಮತ್ತೆ ಕೇಳಿದ. ಉತ್ತರಗಳನ್ನು ಲ್ಯಾಟಿನ್ನಿಗೆ ತಿರುಗಿಸಿ, ಅದೃಷ್ಟದ ಏರಿಳಿತಗಳ ಕುರಿತು ತಾನು ಬರೆಯುತ್ತಿದ್ದ ಗ್ರಂಥದ ನಾಲ್ಕನೆಯ ಭಾಗದಲ್ಲಿಟ್ಟ. ಗ್ರಂಥ ಮುಗಿದದ್ದು 1448ರ ಹೊತ್ತಿಗೆ. ಅದರ ಮೊದಲ ಭಾಗದಲ್ಲಿ ಪೊಜ್ಜೊ ಗೆಳೆಯನೊಬ್ಬನ ಜೊತೆ ರೋಮಿನ ಕ್ಯಾಪಿಟೊಲಿನ್ ಗುಡ್ಡ ಹತ್ತಿ, ಕೆಳಗೆ ಹರಡಿದ ಹಾಳು ಗುಡಿ, ಮುರಿದ ಕಂಬ, ದನ ಮೇಯುವ ಸಭಾಂಗಣಗಳನ್ನು ನೋಡುತ್ತಾನೆ. ಅಂದರೆ ರೋಮಿನ ಹಾಳಿನಿಂದ ಶುರುವಾಗುವ ಪುಸ್ತಕ ಜೀವ ತುಂಬಿದ ವಿಜಯನಗರಕ್ಕೆ ಬರುತ್ತದೆ. ವಿಜಯನಗರವನ್ನು ಹಾಳುಗೆಡವಿದ 1565ರ ರಕ್ಕಸಗಿ–ತಂಗಡಗಿ ಯುದ್ಧ ಇನ್ನೂ ನೂರು ವರ್ಷಕ್ಕೂ ಆಚೆ ಇತ್ತು. ಹಂಪಿಯ ಮಾತಂಗ ಬೆಟ್ಟ ಹತ್ತಿದಾಗಲೆಲ್ಲ ನನಗೆ ಆ ಮೊದಲ ಭಾಗವೇ ನೆನಪಾಗುತ್ತದೆ. ಪೊಜ್ಜೊ ಎರಡೂ ಊರಿನ ಗತಿಯನ್ನು ಒಂದೇ ರಟ್ಟಿನೊಳಗೆ ಬರೆದಿಟ್ಟ, ಒಂದರ ಪಾಲಿಗೆ ತಿಳಿಯದೆ.

ವಿಜಯನಗರದ ವರ್ಣನೆ ಚಿಕ್ಕದು. ಸುತ್ತಳತೆ ಅರವತ್ತು ಮೈಲಿ. ಕೋಟೆಗೋಡೆ ಬೆಟ್ಟಗಳನ್ನೇರಿ, ಬುಡದ ಕಣಿವೆಗಳನ್ನೂ ಒಳಗೆ ಹಾಕಿಕೊಂಡಿದೆ. ಆಯುಧ ಹಿಡಿಯಬಲ್ಲ ಗಂಡಸರು ತೊಂಬತ್ತು ಸಾವಿರ. ಅಂಕಿಗಳನ್ನು ಬದಿಗಿಡೋಣ, ಆ ಕಾಲದ ಅಂಕಿಗಳೆಲ್ಲ ಬೆರಗಿನ ಅಳತೆಗಳು. ಕಣಿವೆಯನ್ನು ಒಳಗೆ ಹಾಕಿಕೊಂಡ ಗೋಡೆ ಎಂಬ ಮಾತನ್ನು ಮಾತ್ರ ಕಂಡವನೇ ಹೇಳಬೇಕು. ಇವತ್ತಿಗೂ ಕಮಲಾಪುರದಿಂದ ಹಂಪಿಗೆ ಹೋಗುವಾಗ ತುರುತ್ತು ಕಾಲುವೆಯ ನೀರುಂಡ ಗದ್ದೆ ಬಾಳೆತೋಟಗಳು ಕೋಟೆಯ ಸಾಲುಗಳ ನಡುವೆ ಹಸಿರಾಗಿ ನಿಂತಿರುವುದನ್ನು ನೋಡಬಹುದು. ಯುರೋಪಿನ ಕೋಟೆಯೂರುಗಳು ಬಿಗಿದು ಕಟ್ಟಿದವು, ಹೊಲಗದ್ದೆ ಬಹುಮಟ್ಟಿಗೆ ಆಚೆ. ಹೊಲವನ್ನೂ ಕಾಯುವ ಗೋಡೆ ಕೊಂಟಿಗೆ ವಿಶೇಷವಾಗಿ ಕಂಡದ್ದು ಸಹಜ.

ಅರಸನಿಗೆ ಹನ್ನೆರಡು ಸಾವಿರ ಹೆಂಡಿರು ಎಂಬ ಸಾಲನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದರ ಪಕ್ಕದ ಮಾತು ಹೆಚ್ಚು ಭಾರದ್ದು: ಅವರಲ್ಲಿ ಎರಡು ಮೂರು ಸಾವಿರ ಮಂದಿ ಅರಸ ಸತ್ತಾಗ ತಾವೂ ಬೆಂಕಿಗೆ ಬೀಳುವ ಒಪ್ಪಿಗೆಯ ಮೇಲೆ ಬಂದವರು. ಸಂಖ್ಯೆ ಉಬ್ಬಿರಬಹುದು, ಸಂಗತಿ ಸುಳ್ಳಲ್ಲ. ಕೈಯೆತ್ತಿ ಬಳೆ ತೋರಿಸುವ ಮಾಸ್ತಿಗಲ್ಲುಗಳು ಈ ಸೀಮೆಯ ಹಳ್ಳಿಗಳಲ್ಲಿ ಇನ್ನೂ ನಿಂತಿವೆ. ಬರೆದುಕೊಂಡ ಪೊಜ್ಜೊಗೂ ಬೆಂಕಿ ಹೊಸದಾಗಿರಲಿಲ್ಲ. ಕಾನ್‌ಸ್ಟಾನ್ಸ್ ಸಭೆ 1415ರಲ್ಲಿ ಯಾನ್ ಹುಸ್‌ನನ್ನು, ಮರುವರ್ಷ ಅವನ ಗೆಳೆಯ ಪ್ರಾಗಿನ ಜೆರೋಮನನ್ನು ಧರ್ಮದ್ರೋಹದ ಹೆಸರಿನಲ್ಲಿ ಸುಡಿಸಿತು. ಜೆರೋಮನ ವಿಚಾರಣೆಗೆ ಪೊಜ್ಜೊ ಸಾಕ್ಷಿಯಾಗಿದ್ದ. ಜೆರೋಮನ ಮಾತಿನ ಬಲವನ್ನೂ ಬೆಂಕಿಯೆದುರಿನ ಧೈರ್ಯವನ್ನೂ ಹೊಗಳಿ ಗೆಳೆಯ ಲಿಯೊನಾರ್ಡೊ ಬ್ರೂನಿಗೆ ಬರೆದ ಪತ್ರ ಆ ಕಾಲದ ಅತ್ಯುತ್ತಮ ಗದ್ಯಗಳಲ್ಲೊಂದು. ಚರ್ಚಿನ ಅನ್ನ ತಿನ್ನುವವನು ಚರ್ಚಿನ ಸಭೆಯೇ ಸುಟ್ಟವನನ್ನು ಹಾಗೆ ಹೊಗಳಲು ಎದೆ ಬೇಕು. ಅದಕ್ಕೇ ಸಹಗಮನದ ಸಾಲುಗಳನ್ನು ಅನಾಗರಿಕರ ಕಥೆಯೆಂದು ಅವನು ಬರೆದಿರಲಾರ ಎಂದು ನಾನು ನಂಬುತ್ತೇನೆ.

ಇನ್ನು ಜಾತ್ರೆಯ ಮಾತು. ವಿಜಯನಗರದಲ್ಲಿ ದೇವರನ್ನು ಎರಡು ತೇರುಗಳ ನಡುವೆ ಮೆರೆಸುತ್ತಾರೆ, ತೇರಿನಲ್ಲಿ ಸಿಂಗರಿಸಿಕೊಂಡ ಹೆಣ್ಣುಮಕ್ಕಳು ಹಾಡುತ್ತಾರೆ ಎಂದು ಶುರುವಾಗುತ್ತದೆ. ಕೆಲವರು ಪಕ್ಕೆಗೆ ಹಗ್ಗ ಪೋಣಿಸಿಕೊಂಡು ತೇರಿಗೆ ಜೋತು ಬೀಳುತ್ತಾರೆ. ನಾವು ಸಿಡಿ ಎಂದು ಕೇಳಿಬಲ್ಲದ್ದೇ ಇದು. ಮುಂದೆ ವರ್ಷದ ಮೂರು ದೊಡ್ಡ ಹಬ್ಬಗಳು ಬರುತ್ತವೆ. ಒಂದರಲ್ಲಿ ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಹೊಳೆಯಲ್ಲೋ ಕಡಲಲ್ಲೋ ಮಿಂದು ಹೊಸ ಬಟ್ಟೆಯುಟ್ಟು ಮೂರು ದಿನ ಹಾಡು ಕುಣಿತ ಊಟದಲ್ಲಿ ಕಳೆಯುತ್ತಾರೆ. ಹೆಸರು ಹೇಳಿಲ್ಲ, ಆದರೆ ಯುಗಾದಿಗೆ ಊರದೇವರನ್ನು ಪಲ್ಲಕ್ಕಿಯಲ್ಲಿ ಹೊಳೆಗೆ ಕರೆದೊಯ್ಯುವ ತುಂಗಭದ್ರೆಯ ದಂಡೆಯವರಿಗೆ ಹೆಸರು ಬೇಕಿಲ್ಲ. 1953ರ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರುಗಳು ಹೋದವು, ಹೊಳೆಗೆ ಹೋಗುವುದು ಉಳಿಯಿತು. ಎರಡನೆಯದು ದೀಪದ ಹಬ್ಬ. ಗುಡಿಯೊಳಗೂ ಗುಡಿಯ ಮಾಳಿಗೆಯ ಹೊರಗೂ ಲೆಕ್ಕವಿಲ್ಲದಷ್ಟು ಎಳ್ಳೆಣ್ಣೆಯ ದೀಪಗಳು, ಹಗಲೂ ರಾತ್ರಿ. ನಮ್ಮ ಸೀಮೆಯ ಉಜ್ಜಿನಿಯಲ್ಲಿ ಗುಡಿಯ ಶಿಖರಕ್ಕೇ ಎಣ್ಣೆಯೆರೆಯುವ ತೈಲಾಭಿಷೇಕ ಕಂಡವರಿಗೆ ಎಣ್ಣೆ ಅಷ್ಟೆತ್ತರ ಏರುವುದು ಅಚ್ಚರಿಯಲ್ಲ. ದಾರಿಹೋಕರಿಗೆ, ಕೊನೆಗೆ ಅರಸ ಅರಸಿಗೂ ಕೇಸರಿ ನೀರೆರಚುವ ಮೂರು ದಿನಗಳನ್ನೂ ಕೊಂಟಿ ಸೇರಿಸಿದ್ದಾನೆ. ಆ ಓಕುಳಿ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಇದೆ.

ನಾನು ಹೇಳಬೇಕೆಂದಿರುವುದು ಮೂರನೆಯ ಹಬ್ಬದ ಕುರಿತು. ಅದು ಒಂಬತ್ತು ದಿನದ್ದು, ಮಹಾನವಮಿಯೆಂದು ವಿದ್ವಾಂಸರು ಗುರುತಿಸುತ್ತಾರೆ. ಬೀದಿಬೀದಿಗಳಲ್ಲಿ ಸಣ್ಣ ಹಡಗಿನ ಪಟಕಂಬದಷ್ಟು ಎತ್ತರದ ಮರಗಳನ್ನು ನೆಟ್ಟು, ತುದಿಗೆ ಜರಿಯ ಬಟ್ಟೆ ಕಟ್ಟುತ್ತಾರೆ. ಪ್ರತಿದಿನ ಒಬ್ಬ ಭಕ್ತ ಕಂಬದ ತುದಿಯಲ್ಲಿ ಕೂತು ಜನರಿಗಾಗಿ ದೇವರನ್ನು ಬೇಡುತ್ತಾನೆ. ಕೆಳಗಿನ ಜನ ಅವನ ಮೇಲೆ ಕಿತ್ತಳೆ, ನಿಂಬೆ, ಇನ್ನಿತರ ಪರಿಮಳದ ಹಣ್ಣುಗಳನ್ನು ಎಸೆದು ದಾಳಿ ಮಾಡುತ್ತಾರೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಸಹಿಸುತ್ತಾನೆ.

ದಾಳಿ, ತಾಳ್ಮೆ, ಸಹನೆ: ಈ ಮೂರೂ ಮಾತುಗಳು ಯುರೋಪಿನವು. ಅಲ್ಲಿನ ಚೌಕಗಳಲ್ಲಿ ತಪ್ಪಿತಸ್ಥನನ್ನು ಮರದ ಕಟ್ಟಿಗೆ ಸಿಕ್ಕಿಸಿ ನಿಲ್ಲಿಸಿ ಕೊಳೆತದ್ದನ್ನು ಎಸೆಯುವ ಶಿಕ್ಷೆಯಿತ್ತು. ಇನ್ನೊಂದು ಕಡೆ, ಐದನೆಯ ಶತಮಾನದ ಸಿರಿಯಾದಲ್ಲಿ ದಶಕಗಳ ಕಾಲ ಕಂಬದ ಮೇಲೆ ನಿಂತು ತಪಸ್ಸು ಮಾಡಿದ ಸಂತ ಸಿಮಿಯೋನನ ಕಥೆ ಕ್ರೈಸ್ತರಿಗೆಲ್ಲ ಗೊತ್ತಿತ್ತು. ಕಂಬದ ಮೇಲೊಬ್ಬ ಸಾಧು, ಕೆಳಗೆ ಎಸೆಯುವ ಗುಂಪು ಎಂದಕೂಡಲೇ ಪೊಜ್ಜೊನ ಮನಸ್ಸಿನಲ್ಲಿ ಇವೆರಡೂ ಕೂಡಿಕೊಂಡು, ನೋವುಣ್ಣುವ ಸಂತನೊಬ್ಬ ಮೂಡಿದ ಎಂಬುದು ನನ್ನ ಓದು.

ಕೊಟ್ಟೂರಿನ ತೇರಿಗೆ ಹೋದವರು ಆ ಸಾಲನ್ನು ಹಾಗೆ ಓದಲಾರರು. ತೇರು ಕದಲುತ್ತಿದ್ದಂತೆ ಸಾವಿರಾರು ಕೈಗಳಿಂದ ಬಾಳೆಹಣ್ಣು, ಉತ್ತತ್ತಿ ಹಾರುತ್ತವೆ. ಕಳಸಕ್ಕೆ ತಾಗಿದರೆ ಬೇಡಿಕೊಂಡದ್ದು ಕೈಗೂಡಿತೆಂದು ಕಣ್ಣಿಗೊತ್ತಿಕೊಳ್ಳುವವರಿದ್ದಾರೆ. ದೂರದಲ್ಲಿದ್ದವನ ಕಾಣಿಕೆ ದೇವರನ್ನು ಮುಟ್ಟಲು ಇರುವ ದಾರಿ ಎಸೆಯುವುದೊಂದೇ. ಆರಿಸಿದ್ದೆಲ್ಲ ಪರಿಮಳದ ಹಣ್ಣು ಎಂದು ಕೊಂಟಿಯೇ ಹೇಳಿದ್ದಾನಲ್ಲ. ಹಿಂಸಿಸಬೇಕೆಂದವರು ಪರಿಮಳ ನೋಡುವುದಿಲ್ಲ. ಅವನು ಕಂಡದ್ದನ್ನು ನೆಟ್ಟಗೆ ಹೇಳಿದ, ಅರ್ಥ ಕಟ್ಟಿದ್ದು ಫ್ಲಾರೆನ್ಸು. ಕಂಬದ ಮೇಲಿನ ಮನುಷ್ಯನಿಗೂ ನಮ್ಮಲ್ಲಿ ದೂರದ ನಂಟನಿದ್ದಾನೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕಣಮರಡಿಯಲ್ಲಿ, ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಜನಸಾಗರವನ್ನು ಸುಮ್ಮನಾಗಿಸಿ ಕಾರ್ಣಿಕ ನುಡಿಯುತ್ತಾನೆ. ಮಹಾನವಮಿಯ ಕಂಬವೂ ಮೈಲಾರದ ಬಿಲ್ಲೂ ಒಂದೇ ಎಂದು ನಾನು ಹೇಳುತ್ತಿಲ್ಲ. ಊರಿನ ಪರವಾಗಿ ಒಬ್ಬ ಮೇಲೇರಿ ದೇವರಿಗೆ ಹತ್ತಿರವಾಗುವುದನ್ನು ಈ ಸೀಮೆ ಬಲ್ಲದು ಎಂಬಷ್ಟೇ ಮಾತು.

ಕೊಂಟಿಯ ಎಲ್ಲ ಮಾತೂ ಸರಿಯಲ್ಲ. ಇಲ್ಲಿಯವರು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ ಎಂಬುದು ಕನ್ನಡಕ್ಕೂ ತೆಲುಗಿಗೂ ಹೊಂದದು. ಆದರೆ ಎಲೆಯ ಮೇಲೆ ಬರೆಯುತ್ತಾರೆ, ಕಾಗದ ಬಳಸುವವರು ಖಂಬಾತದವರು ಮಾತ್ರ ಎಂಬುದರಲ್ಲಿ ತಾಳೆಗರಿಯ ಸತ್ಯವಿದೆ. ಇಂಡಿಯಾದವರಿಗೆ ಪ್ಲೇಗು ಎಂದರೇನೆಂದೇ ಗೊತ್ತಿಲ್ಲ ಎಂದೂ ಹೇಳಿದ್ದಾನೆ. ಈ ಸಾಲನ್ನು ಓದುವಾಗ ಹೇಳುತ್ತಿರುವವನು ಹೆಂಡತಿ ಮಕ್ಕಳನ್ನು ಅದೇ ಬೇನೆಗೆ ಕಳೆದುಕೊಂಡವನು ಎಂಬುದನ್ನು ಮರೆಯಬಾರದು. ಕೇಳುತ್ತಿದ್ದ ಫ್ಲಾರೆನ್ಸೂ ಅದರ ಗಾಯ ಹೊತ್ತ ಊರು. ಆ ಗಾಯಕ್ಕೂ ವಿಜಯನಗರಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು: ನಗರ ಕಟ್ಟಿದ ಹರಿಹರ ಬುಕ್ಕರು ಸೋದರರ ಜೊತೆ ಶೃಂಗೇರಿಯಲ್ಲಿ ವಿಜಯೋತ್ಸವ ಮಾಡಿದ್ದು 1346ರಲ್ಲಿ. ಮರುವರ್ಷ ಸಿಸಿಲಿಯ ಮೆಸ್ಸೀನಾ ಬಂದರಿಗೆ ಪ್ಲೇಗು ಹೊತ್ತ ಹಡಗುಗಳು ಬಂದವು, ನಾಲ್ಕಾರು ವರ್ಷದಲ್ಲಿ ಯುರೋಪಿನ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಹೋದರು.

ಈ ಪುಟಗಳ ಮುಂದಿನ ಪಯಣವೂ ದೊಡ್ಡದು. 1450ರ ಸುಮಾರಿಗೆ ವೆನಿಸಿನ ಸನ್ಯಾಸಿ ಫ್ರಾ ಮೌರೊ ತನ್ನ ಹೆಸರಾಂತ ಭೂಪಟಕ್ಕೆ ಕೊಂಟಿಯ ಸಂಗತಿಗಳನ್ನು ಬಳಸಿದ. 1492ರಲ್ಲಿ ಲ್ಯಾಟಿನ್ ಮೂಲ ಅಚ್ಚಾಯಿತು. 1502ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆ ಮುಟ್ಟಿದ ನಾಲ್ಕೇ ವರ್ಷಕ್ಕೆ, ಲಿಸ್ಬನ್ನಿನಲ್ಲಿ ಪೋರ್ಚುಗೀಸ್ ಅನುವಾದ ಬಂತು. ಇಟಲಿಯವನೇ ಆದ ರಾಮುಸಿಯೊ, ಲ್ಯಾಟಿನ್ ಪ್ರತಿ ಸಿಗದೆ, ಆ ಪೋರ್ಚುಗೀಸಿನಿಂದಲೇ ಮತ್ತೆ ಇಟಾಲಿಯನ್ನಿಗೆ ತಂದ. 1857ರಲ್ಲಿ ಹಕ್ಲೂಯ್ಟ್ ಸೊಸೈಟಿಯ ಇಂಗ್ಲಿಷ್ ಅನುವಾದ ಬಂತು, 1900ರಲ್ಲಿ ಸಿವೆಲ್ ಸಾಹೇಬ ವಿಜಯನಗರದ ಕುರಿತು ಬರೆದ ‘ಮರೆತುಹೋದ ಸಾಮ್ರಾಜ್ಯ’. ಕನ್ನಡದಲ್ಲಿ ಇಂಥ ಪರದೇಶಿಗಳ ಬರಹಗಳನ್ನು ಓದಬಯಸುವವರು ಎಚ್.ಎಲ್. ನಾಗೇಗೌಡರ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳಿಂದ ಶುರು ಮಾಡಬಹುದು.

ಓದುಗರಲ್ಲಿ ಒಂದು ಬೇಡಿಕೆ. ಮಹಾನವಮಿಗೆ ಬೀದಿಯಲ್ಲಿ ಕಂಬ ನೆಟ್ಟು ಬಟ್ಟೆ ಕಟ್ಟುವ, ಅದರ ಮೇಲೆ ಮನುಷ್ಯನನ್ನು ಕೂರಿಸುವ, ಅವನತ್ತ ನಿಂಬೆಹಣ್ಣು ತೂರುವ ಪದ್ಧತಿ ಕೂಡ್ಲಿಗಿಯಿಂದ ಹರಪನಹಳ್ಳಿ ತನಕದ ಯಾವುದಾದರೂ ಊರಿನಲ್ಲಿ ಈಗಲೂ ಇದ್ದರೆ, ಅಥವಾ ಇತ್ತೆಂದು ಹಿರಿಯರು ಹೇಳಿದ್ದರೆ, ಯಾವ ಗುಡಿ, ಯಾವ ದಿನ, ಕಂಬ ಏರುವವರು ಯಾವ ಮನೆತನದವರು ಎಂಬಷ್ಟನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ.