ಯಾವ ಊರಿನದೂ ಅಲ್ಲದ ಮಾತು

ಕ್ಯಾರಿ ಗ್ರ್ಯಾಂಟ್ ಅಂದರೆ ಎಲ್ಲರೂ ಅವನ ಸೂಟು, ನಗು ನೆನೆಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅವನ ಮಾತಿನ ಧಾಟಿ. ಅದು ಪೂರ್ತಿ ಇಂಗ್ಲೆಂಡಿನದೂ ಅಲ್ಲ, ಅಮೆರಿಕದ್ದೂ ಅಲ್ಲ. 1904ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಈ ಬಡ ಹುಡುಗನ ಹೆಸರು ಆರ್ಚಿಬಾಲ್ಡ್ ಲೀಚ್. 1920ರಲ್ಲಿ ಲಾಗ ಹಾಕುವ ತಂಡವೊಂದರ ಜತೆ ನ್ಯೂಯಾರ್ಕಿನ ಹಡಗು ಹತ್ತಿದ. ಹೊಸ ಹೆಸರು, ಹೊಸ ಮಾತು ಎರಡನ್ನೂ ಅಮೆರಿಕದಲ್ಲೇ ಕಟ್ಟಿಕೊಂಡ.

ಮುಂಬಯಿಯಲ್ಲಿ ಬೇರುಬಿಟ್ಟ ನಮ್ಮಂಥವರ ಕನ್ನಡ ಕೇಳಿ ಊರಲ್ಲಿ ನೀವು ನಗುತ್ತೀರಿ. ನಮ್ಮ ಹಿಂದಿ ಕೇಳಿ ಇಲ್ಲಿಯವರು ನಗುತ್ತಾರೆ. ಗ್ರ್ಯಾಂಟ್ ಇಂಥ ಎಡಬಿಡಂಗಿ ಮಾತನ್ನೇ ಬಂಡವಾಳ ಮಾಡಿಕೊಂಡ. ‘ಹಿಸ್ ಗರ್ಲ್ ಫ್ರೈಡೇ’ (1940) ನೋಡಿ, ಎದುರಿನವರಿಗೆ ಉಸಿರಾಡಲೂ ಬಿಡುವುದಿಲ್ಲ, ಮಾರಾಯ! ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ (1959) ಊರೆಲ್ಲ ಅವನನ್ನು ಬೇರೆ ಯಾರೋ ಅಂದುಕೊಳ್ಳುತ್ತದೆ. ಆ ಪಾತ್ರ ಅವನಿಗೆ ಅಷ್ಟು ಸಲೀಸಾಗಿ ಒಗ್ಗಿದ್ದು ಸುಮ್ಮನೆ ಅಲ್ಲ.

ಆದರೆ ನನ್ನ ಓಟು ‘ನನ್ ಬಟ್ ದ ಲೋನ್ಲಿ ಹಾರ್ಟ್’ಗೆ (1944). ಅದರಲ್ಲಿ ಅವನು ಲಂಡನ್ನಿನ ಬಡ ಓಣಿಯ ಹುಡುಗ, ಕಾಯಿಲೆಯ ತಾಯಿಯ ಮಗ. ಅವನ ಸ್ವಂತ ತಾಯಿಯನ್ನು ಅವನು ಚಿಕ್ಕವನಿದ್ದಾಗ ಮನೋರೋಗಿಗಳ ಆಸ್ಪತ್ರೆಗೆ ಸೇರಿಸಿದ್ದರು. ಆಕೆ ಬದುಕಿದ್ದಾಳೆಂದು ಅವನಿಗೆ ತಿಳಿದದ್ದು ದೊಡ್ಡ ನಟನಾಗುವ ಹೊತ್ತಿಗೆ. ಚಿತ್ರ ಅಲ್ಲಲ್ಲಿ ಎಳೆಯುತ್ತದೆ, ಒಪ್ಪಿದೆ. ತಾಯಿಯ ಪಾತ್ರದ ಎಥೆಲ್ ಬ್ಯಾರಿಮೋರ್ ಎದುರು ಕೂತಾಗ ಮಾತ್ರ ಗ್ರ್ಯಾಂಟ್‌ನ ಆ ನಯನಾಜೂಕು ಪೂರಾ ಕಳಚಿಬೀಳುತ್ತದೆ. ಆಕೆಗೆ ಆಸ್ಕರ್ ಬಂತು, ಇವನಿಗೆ ನಾಮನಿರ್ದೇಶನವಷ್ಟೇ. ಪ್ರೇಕ್ಷಕರಿಗೆ ಇಂಥ ಗ್ರ್ಯಾಂಟ್ ಬೇಡವಾಗಿದ್ದ. ಅವನೂ ಮತ್ತೆ ಸೂಟು ತೊಟ್ಟ. 1966ರಲ್ಲಿ ನಟನೆ ನಿಲ್ಲಿಸುವವರೆಗೂ ಬಿಚ್ಚಲಿಲ್ಲ ಅಂತಲೇ ಹೇಳಬೇಕು.